ಮುರಿಗೆವ್ವನ ದೋಣಿ ಹಿಂದಕ್ಕೇ ಹೋಯಿತು

"ಬ್ಯಾಟ್ರಿ ಅಂದ್ರ ಏನ ಹುಲಿ ಏನ? ಎರಡ ವಾಯರು. ಒಂದು ಕೆಂಪು, ಒಂದು ಕರಿ. ಹಚ್ಚಿದ್ರ ಮುಗೀತು!"

ಶನಿವಾರ ಮುಂಜಾನೆ ಜೋರಾಪುರ ಪೇಟೆಯ ತನ್ನ ಮನೆಯ ಹಿತ್ತಲಲ್ಲಿ ಸೆರಗು ಸೊಂಟಕ್ಕೆ ಸಿಗಿಸಿ ನಿಂತು ಮುರಿಗೆವ್ವ ಹೀಗೆ ಸಾರಿದಳು. ಎದುರಿಗೆ ಇದ್ದವಳು ಪಕ್ಕದ ಮನೆಯ ಸಬೀರಾ ಒಬ್ಬಳೇ. ಆದರೆ ಆ ದನಿಗೆ ಗೋಳಗುಮ್ಮಟದ ಮುಂದೆ ನಿಂತ ಟಾಂಗಾ ಕುದುರೆ ಕೂಡ ಕಿವಿ ನಿಮಿರಿಸಿರಬೇಕು.

"ಅಕ್ಕಾ, ನಿಮಗ ಇದೆಲ್ಲಾ ಗೊತ್ತೈತೇನ್ರಿ?" ಎಂದಳು ಸಬೀರಾ.

"ನಾ ತಿಕೋಟಾದಾಕಿ ಬೇ! ದ್ರಾಕ್ಷಿ ತ್ವಾಟಕ್ಕ ಔಷಧ ಹೊಡಿಯೋ ಬ್ಯಾಟ್ರಿ ಪಂಪ ನಮ್ಮಣ್ಣನ ಮನ್ಯಾಗ ನಾನೇ ಚಾಲೂ ಮಾಡೇನಿ."

ಚಾಲೂ ಮಾಡಿದ್ದು ನಿಜ. ಗುಂಡಿ ಒತ್ತಿದ್ದಳು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಅಷ್ಟು ಸಾಕಿತ್ತು. ವಿದ್ಯುತ್ ಶಾಸ್ತ್ರ ಅವಳ ಮಟ್ಟಿಗೆ ಅಂದೇ ಮುಗಿದಿತ್ತು.

ಈಗ ಹಿತ್ತಲಲ್ಲಿ ಬಿದ್ದದ್ದು ಪಂಪಲ್ಲ. ಗಾಳಿ ತುಂಬುವ ರಬ್ಬರ್ ದೋಣಿ, ಅದರ ಬೆನ್ನಿಗೆ ಸಿಗಿಸುವ ಸಣ್ಣ ಮೋಟರು, ಒಂದು ಬ್ಯಾಟರಿ, ಒಂದು ಗಾಳದ ಕೋಲು. ಎಲ್ಲ ಗಂಡ ಗುರಲಿಂಗಪ್ಪನ ಸಾಮಾನು.

ಗುರಲಿಂಗಪ್ಪ ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದ. ಲಿಂಗ ಕಟ್ಟಿದ ಮನುಷ್ಯ. ಯಾರ ಮನೆಯಲ್ಲಾದರೂ ತತ್ತಿ ಒಡೆದರೆ ಓಣಿಯ ಈ ತುದಿಯಲ್ಲಿ ಮೂಗು ಮುಚ್ಚುತ್ತಿದ್ದ. ಅಂಥವನು ಪ್ರತಿ ಆಯಿತವಾರ ಬಬಲೇಶ್ವರದ ಆಚೆಗಿನ ಕೆರೆಗೆ ಹೋಗಿ ಗಾಳ ಹಾಕುತ್ತಿದ್ದ! ಹಿಡಿಯುತ್ತಿದ್ದ, ತೂಗುತ್ತಿದ್ದ, ಬಿಡುತ್ತಿದ್ದ. "ತಿನ್ನಲಾರದಾಂವ ಯಾಕ ಹಿಡೀತಿ?" ಎಂದು ಮಂದಿ ಕೇಳಿದರೆ, "ಮಾತಾಡಿಸಿ ಬಿಡ್ತೇನಿ" ಅನ್ನುತ್ತಿದ್ದ.

ಸಂಜೆ ಮನೆಗೆ ಬಂದು ಎರಡೂ ಕೈ ಅಗಲಿಸುತ್ತಿದ್ದ. "ಇಷ್ಟ ಇತ್ತು!" ಮರುದಿನದ ಹೊತ್ತಿಗೆ ಕೈಗಳು ಇನ್ನಷ್ಟು ದೂರ ಹೋಗುತ್ತಿದ್ದವು. ಗುರುವಾರಕ್ಕೆ ಮೀನು ಅಡುಗೆಮನೆಯಲ್ಲಿ ಹಿಡಿಸದಷ್ಟು ಬೆಳೆದಿರುತ್ತಿತ್ತು.

"ಮೀನ ಇತ್ತೋ ಮೊಸಳಿ ಇತ್ತೋ?" ಎಂದು ಮುರಿಗೆವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

"ಮುಂದಿನ ಆಯ್ತಾರ ತೋರಸ್ತೇನಿ, ಬಾ!"

ಹುಟ್ಟು ಹಾಕಿ ಹಾಕಿ ಅವನ ರಟ್ಟೆ ಹಿಡಿದಿತ್ತು. ಅದಕ್ಕೇ ಮೋಟರಿಗೆ ಹೇಳಿ ಕಳಿಸಿದ್ದ. "ಮೋಟರ ಬರಲಿ. ನಿನ್ನ ಕೆರಿ ನಡುವ ಕುಂದರಿಸಿ ಚಾ ಕುಡಸ್ತೇನಿ. ಮಹಾರಾಣಿ ಹಂಗ ಕುಂತಬಿಡು."

ಮೋಟರು ಬಂತು. ಅಷ್ಟರಲ್ಲಿ ಅವನು ಹೋಗಿದ್ದ.

"ಗುರಲಿಂಗಪ್ಪ ಅವ್ರು ಅದಾರೇನ್ರಿ?" ಎಂದು ಕೊರಿಯರಿನವನು ಬಾಗಿಲಲ್ಲಿ ಕೇಳಿದ.

"ಇಲ್ಲ."

"ಯಾವಾಗ ಬರ್ತಾರ್ರಿ?"

ಮುರಿಗೆವ್ವ ಬಾಗಿಲ ಚೌಕಟ್ಟು ಹಿಡಿದಳು. "ಅವ್ರು ಬರೂದಿಲ್ಲ. ಡಬ್ಬಿ ಇಲ್ಲೇ ಇಡು."

ಡಬ್ಬಿ ಮಂಚದ ಕೆಳಗೆ ಹೋಯಿತು. ಅಲ್ಲೇ ಇತ್ತು. ಮೊನ್ನೆ ಮೈದುನ ಶ್ರೀಶೈಲ ಬರುವತನಕ ಅದನ್ನು ಯಾರೂ ಮುಟ್ಟಿರಲಿಲ್ಲ. ಶ್ರೀಶೈಲ ಸರಕಾರಿ ಕಚೇರಿಯಲ್ಲಿ ನೌಕರ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ಅಂಗಿಗೆ ಇಸ್ತ್ರಿ ಇಲ್ಲದೆ ಹೊಸ್ತಿಲು ದಾಟುವವನಲ್ಲ.

"ವೈನಿ, ಸೋಮವಾರ ನಮ್ಮ ಆಫೀಸಿನಾಂವ ಒಬ್ಬ ಬಂದು ದೋಣಿ, ಮೋಟರ, ಗಾಳ ಎಲ್ಲಾ ಒಯ್ತಾನ್ರಿ. ಮಂದಿ ನಗಾಕತ್ತಾರ. ಲಿಂಗ ಕಟ್ಟಿದ ಮನ್ಯಾಗ ಮೀನ ಹಿಡಿಯೋ ಸಾಮಾನು!"

"ಒಯ್ಯಲಿ" ಎಂದಳು ಮುರಿಗೆವ್ವ.

ಅವನು ಹೋದ ಮೇಲೆ ಮಂಚದ ಕೆಳಗೆ ಬಗ್ಗಿ ನೋಡಿದಳು. ಒಯ್ಯಲಿ. ಆದರೆ ಒಯ್ಯುವ ಮೊದಲು ಒಂದು ಸಲ. ಕೆರೆಯ ನಡುವೆ ಒಂದು ಕಪ್ಪು ಚಹಾ. ಕುಡಿಸುತ್ತೇನೆ ಅಂದವನು ಇಲ್ಲ. ಕುಡಿಯುವವಳು ಇದ್ದಾಳಲ್ಲ! ಸೋಮವಾರದೊಳಗೆ ಆಗಬೇಕು.

ಹೀಗಾಗಿ ಶನಿವಾರದ ಆ ಘೋಷಣೆ.

ಮೊದಲ ಕೆಲಸ ಸಾಮಾನಿನ ತಪಾಸಣೆ. ಚೀಲದಲ್ಲಿ ಮೀನು ತೂಗುವ ಕೊಕ್ಕೆಯೊಂದು ಸಿಕ್ಕಿತು. ತೂಗುಹಾಕಿದರೆ ತೂಕವನ್ನು ಅಂಕಿಯಲ್ಲಿ ತೋರಿಸುವಂಥದ್ದು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಎರಡು ಪೆನ್ಸಿಲ್ ಸೆಲ್ಲು, ಹೊಸವು! ಟೀವಿ ರಿಮೋಟು ಎಷ್ಟೋ ದಿನದಿಂದ ಸತ್ತು ಬಿದ್ದಿತ್ತು.

"ತಿನ್ನಂಗಿಲ್ಲ, ಮಾರಂಗಿಲ್ಲ. ತೂಕ ಯಾಕ ಬೇಕ?" ಎಂದು ಮುರಿಗೆವ್ವ ಸೆಲ್ಲು ಕಿತ್ತು ರಿಮೋಟಿಗೆ ಹಾಕಿದಳು. ಟೀವಿ ಹತ್ತಿತು. "ನೋಡಿದ್ಯಾ ಸಬೀರಾ? ಕೈ ಹಚ್ಚಿದ್ದೆಲ್ಲಾ ಬಂಗಾರ!"

ಎರಡನೆಯದು ಪೂಜೆ. ಹೊಸ ಯಂತ್ರ ಮನೆಗೆ ಬಂದು ಪೂಜೆ ಕಾಣದೆ ಇತ್ತು. ಗಂಡ ಇದ್ದಿದ್ದರೆ ತಾನೇ ಮಾಡುತ್ತಿದ್ದ. ಅವಳು ವಿಭೂತಿ ಗಟ್ಟಿ ನೆನೆಸಿ ಬ್ಯಾಟರಿಯ ನೆತ್ತಿಯ ಮೇಲೆ ಮೂರು ಬೆರಳು ಅಗಲಕ್ಕೆ ಎಳೆದಳು. ಧಾರಾಳ ಕೈ. ನೆತ್ತಿ ಬೆಳ್ಳಗಾಯಿತು.

"ಅಕ್ಕಾ, ಅಲ್ಲಿ ಏನೋ ಕೂಡಿಸೋ ಗುರುತು, ಕಳಿಯೋ ಗುರುತು ಇದ್ದಂಗಿತ್ತಲ್ರಿ?"

"ಇದ್ರ ಇರವಲ್ದ್ಯಾಕ. ಈಗ ಅದಕ್ಕಿಂತ ದೊಡ್ಡ ಗುರುತು ಬಿದ್ದೈತಿ."

ಆಮೇಲೆ ದೃಷ್ಟಿ. ಇಷ್ಟು ಚೆಂದದ ಬ್ಯಾಟರಿಗೆ ಓಣಿಯ ಕಣ್ಣು ಬೀಳದೆ ಇದ್ದೀತೇ? ಹಸಿಮೆಣಸಿನಕಾಯಿ ಮನೆಯಲ್ಲಿ ಇರಲಿಲ್ಲ. ಬ್ಯಾಡಗಿ ಒಣಮೆಣಸಿನಕಾಯಿಯನ್ನೇ ಒಂದು ಲಿಂಬಿಹಣ್ಣಿನ ಜೊತೆ ತೆಳು ಕಬ್ಬಿಣದ ತಂತಿಗೆ ಪೋಣಿಸಿದಳು. ಮದುಮಗನಿಗೆ ಮಾಲೆ ಹಾಕುವಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಬ್ಯಾಟರಿಗೆ ಎರಡು ಕೊಂಬು ಇದ್ದವು. ಮಾಲೆಯ ಒಂದು ತುದಿ ಈ ಕೊಂಬಿಗೆ, ಇನ್ನೊಂದು ತುದಿ ಆ ಕೊಂಬಿಗೆ...

ಚಟ್!

ಕಿಡಿ ಹಾರಿತು. ತಂತಿ ಕೆಂಪಗೆ ಕಾದು ಸುಣ್ಣದ ಭಟ್ಟಿಯಾಯಿತು. ಲಿಂಬಿಹಣ್ಣು ಹಿತ್ತಲ ಗೋಡೆ ಹಾರಿ ಸಬೀರಾಳ ಮನೆ ಸೇರಿತು. ಮೆಣಸಿನಕಾಯಿ ಹೊತ್ತಿ ಎದ್ದ ಘಾಟಿಗೆ ಓಣಿಗೆ ಓಣಿಯೇ ಕೆಮ್ಮತೊಡಗಿತು. ಯಾರೋ ಅಲ್ಲಿಂದಲೇ ಕೂಗಿದರು: "ಯಾರ ಮನ್ಯಾಗ ಒಗ್ಗರಣಿ ಹತ್ತಿತ್ರೋ ಯಪ್ಪಾ!"

ಮುರಿಗೆವ್ವ ಒಂದು ಮಾರು ಹಿಂದಕ್ಕೆ ಹಾರಿ ಕೂತಿದ್ದಳು. ಸೆರಗಿನ ತುದಿಯಲ್ಲಿ ಒಂದು ತೂತು. ಸಬೀರಾ ಕಣ್ಣೊರೆಸಿಕೊಂಡು ಕೇಳಿದಳು: "ಅಕ್ಕಾ... ದೃಷ್ಟಿ ಹೋತೇನ್ರಿ?"

"ಘಾಟು ಬಂತಲ್ಲ. ಘಾಟು ಬಂದ್ರ ದೃಷ್ಟಿ ಇರಲೇ ಇಲ್ಲ ಅಂತ!" ಎಂದಳು ಮುರಿಗೆವ್ವ ಕೆಮ್ಮುತ್ತ. ಸೋಲುವ ಜಾತಿಯಲ್ಲ.

ಮೂರನೆಯದು ವಾಯರು. ಈಗ ಮುಟ್ಟಲು ಸ್ವಲ್ಪ ಭಯವಿತ್ತು. ಅದನ್ನು ಸಬೀರಾಳಿಗೆ ತೋರಿಸುವುದಕ್ಕೆ ಅದಕ್ಕಿಂತ ಹೆಚ್ಚು ಭಯವಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಳು.

"ಕೆಂಪು ಯಾವ ಕಡಿಗ್ರಿ?"

"ಬಲಕ್ಕ. ಕುಂಕುಮ ಬಲಗೈಲೆ ಹಚ್ಚತಾರೋ, ಎಡಗೈಲೆ ಹಚ್ಚತಾರೋ?"

ಕೆಂಪು ಬಲಕ್ಕೆ ಹೋಯಿತು, ಕರಿ ಎಡಕ್ಕೆ. ಬ್ಯಾಟರಿ ಯಾವ ಕಡೆ ಮುಖ ಮಾಡಿ ಕೂತಿದೆ ಎಂದು ಯಾರೂ ಅದನ್ನು ಕೇಳಲಿಲ್ಲ.

ನಾಲ್ಕನೆಯದು ಪರೀಕ್ಷೆ. ಮೋಟರನ್ನು ನೀರಿನ ಬ್ಯಾರಲ್ಲಿನ ಅಂಚಿಗೆ ಸಿಗಿಸಿ, "ಶಿವ ಶಿವಾ" ಎಂದು ಹಿಡಿಕೆ ತಿರುಗಿಸಿದಳು. ರೆಕ್ಕೆ ಗಿರ್ರನೆ ತಿರುಗಿತು! ಬ್ಯಾರಲ್ಲಿನ ನೀರು ಒಂದು ಸುತ್ತು ಸುತ್ತಿ, ಎದ್ದು ನಿಂತು, ಹಿತ್ತಲ ಬಾಗಿಲಿನ ಕಡೆ ಹಾರಿತು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆದು ಶ್ರೀಶೈಲ ಒಳಗೆ ಕಾಲಿಟ್ಟ.

ನೀರಿಗೆ ಇಸ್ತ್ರಿ ಅಂಗಿಯ ಮರ್ಯಾದೆ ಗೊತ್ತಿಲ್ಲ.

"ಏನ್ ನಡಸೀರಿ ವೈನಿ?" ಎಂದ ಅವನು, ಮೂಗಿನಿಂದ ನೀರು ಇಳಿಸುತ್ತ.

"ಮೋಟರ ಸುದ್ದ ಐತೋ ಇಲ್ಲೋ ನೋಡಾಕತ್ತೇನಿ. ಕೆಟ್ಟ ಸಾಮಾನ ಮಂದಿಗಿ ದಾಟಿಸಬಾರ್ದಲ್ಲ? ನಿನ್ನ ಮರ್ಯಾದಿ ಹೋಗ್ತೈತಿ ನೋಡಪಾ."

ಶ್ರೀಶೈಲ ಅಂಗಿಯ ತುದಿ ಹಿಂಡಿದ. ಮೋಟರನ್ನು ನೋಡಿದ. ಅತ್ತಿಗೆಯನ್ನು ನೋಡಿದ. "ನಡೀತೈತ್ರಿ" ಎಂದು ಒಪ್ಪಿಕೊಂಡು, ಬಂದ ದಾರಿಯಲ್ಲೇ ಪಚಪಚ ಎನ್ನುತ್ತ ಹೋದ.

ಆಯಿತವಾರ ನಸುಕಿಗೆ ಸಬೀರಾಳ ಗಂಡ ಆಸಿಫನ ಸಾಮಾನು ಗಾಡಿ ಬಬಲೇಶ್ವರದ ದಾರಿ ಹಿಡಿಯಿತು. ಹಿಂದೆ ದೋಣಿ, ಮೋಟರು, ಗಾಳ. ಮುಂದೆ ಮೂವರು. ಮುರಿಗೆವ್ವನ ತೊಡೆಯ ಮೇಲೆ ರೊಟ್ಟಿ ಗಂಟು ಮತ್ತು ಚಹಾದ ಥರ್ಮಾಸು. ಬ್ಯಾಟರಿ ಸಬೀರಾಳ ಕಾಲ ಬುಡದಲ್ಲಿ. ಅವಳು ದಾರಿಯುದ್ದಕ್ಕೂ ಕಾಲು ಮೇಲೆತ್ತಿಯೇ ಕೂತಳು.

ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಬ್ಯಾಟರಿ ಇಳಿಸುವುದಕ್ಕೂ, ಮೀನು ಕಾಯುವ ಸೋಮು ಕೋಲು ಹಿಡಿದು ಓಡಿ ಬರುವುದಕ್ಕೂ ಸರಿಹೋಯಿತು.

"ಏ ನಿಲ್ರಿ! ಬ್ಯಾಟ್ರಿ ತಂದೀರಿ? ನೀರಾಗ ಕರೆಂಟ್ ಬಿಟ್ಟು ಮೀನ ಸಾಯಸ್ತೀರಿ? ಪೊಲೀಸರ್ನ ಕರಸ್ತೇನಿ ನೋಡ್ರಿ!"

"ಬಾಯಿ ಮಾಡಬ್ಯಾಡ ತಮ್ಮಾ" ಎಂದಳು ಮುರಿಗೆವ್ವ. "ನನ್ನ ಹಣಿ ನೋಡು. ಮೀನ ಕೊಲ್ಲಾಕಿ ಹಂಗ ಕಾಣಸ್ತೇನೇನ?"

ಸೋಮು ನೋಡಿದ. ಅವಳ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. ಬ್ಯಾಟರಿಯ ಮೇಲೂ ಮೂರು ಪಟ್ಟೆ. ಅವನ ಕೋಲು ಕೆಳಗಿಳಿಯಿತು. ಕಣ್ಣು ದೋಣಿಯ ಮೇಲೆ ಹೋಯಿತು.

"ಇದು ಹಗ್ಗದ ಅಂಗಡಿ ಸಾವಕಾರ್ರ ದೋಣಿ ಅಲ್ರಿ? ನೀವು ಅವ್ರ ಮನಿಯಾವ್ರೇನ್ರಿ? ಭಾಳ ದಿನಾತು, ಬರವಲ್ರು. ಆರಾಮ ಅದಾರಿಲ್ರಿ?"

"ಇಲ್ಲ. ತೀರಿಕೊಂಡ್ರು."

ಸೋಮು ತಲೆಗೆ ಸುತ್ತಿದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. ನೀರಿನ ಮೇಲೆ ಒಂದು ಬೆಳ್ಳಕ್ಕಿ ಹಾರಿ ಹೋಯಿತು.

"ದೋಣಿ ಎಲ್ಲಿ ಇಳಸೂಣ್ರಿ?" ಎಂದ.

ದೋಣಿಗೆ ಗಾಳಿ ತುಂಬಿತು. ಮುರಿಗೆವ್ವನಿಗೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದರು. ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತಿನಂತೆ ಕಂಡಳು. ಬ್ಯಾಟರಿ ಕೂರಿಸಿ, ನಿನ್ನೆಯಂತೆಯೇ ಕೆಂಪು ಬಲಕ್ಕೆ, ಕರಿ ಎಡಕ್ಕೆ ಹಚ್ಚಿದಳು. ಥರ್ಮಾಸು, ರೊಟ್ಟಿ, ತಕ್ಕಡಿ ಕೊಕ್ಕೆ, ಗಾಳ ಎಲ್ಲ ಹತ್ತಿದವು. ಗಾಳದ ಕೊಂಡಿಗೆ ಒಂದು ತುಂಡು ರೊಟ್ಟಿಯನ್ನೂ ಸಿಗಿಸಿದಳು. ಗಂಡ ಹಾಗೇ ಮಾಡುತ್ತಿದ್ದ. ಮಾಡುವುದಾದರೆ ಎಲ್ಲ ಮಾಡಬೇಕು.

ದೋಣಿಯ ಮುಖ ಕೆರೆಯ ನಡುವಿಗೆ. ಮುರಿಗೆವ್ವ ದಂಡೆಯತ್ತ ಕೈ ಬೀಸಿ, ಹಿಡಿಕೆ ತಿರುಗಿಸಿದಳು.

ದೋಣಿ ಸೀದಾ ಹಿಂದಕ್ಕೆ ಬಂದು ನೀರಲ್ಲಿ ಮಲಗಿದ್ದ ಎಮ್ಮೆಯ ಹೊಟ್ಟೆಗೆ ಗುದ್ದಿತು!

ಎಮ್ಮೆ ನೋಡಿತು. ಮುರಿಗೆವ್ವ ನೋಡಿದಳು. ಇಬ್ಬರಿಗೂ ಅರ್ಥವಾಗಲಿಲ್ಲ.

"ಇನ್ನೊಮ್ಮೆ ಹೊಡೀರಿ ಅಕ್ಕಾರ, ಜೋರ ಹೊಡೀರಿ!" ಎಂದ ಆಸಿಫ ದಂಡೆಯಿಂದ.

ಜೋರಾಗಿ ಹೊಡೆದಳು. ಜೋರಾಗಿ ಹಿಂದಕ್ಕೆ ಬಂತು. ಎಮ್ಮೆ ಎದ್ದು ಜಾಗ ಬಿಟ್ಟುಕೊಟ್ಟಿತು. ದೋಣಿ ಸೋಮು ಒಣಹಾಕಿದ್ದ ಬಲೆಯವರೆಗೆ ದಂಡೆ ಹತ್ತಿತು.

"ಎಂಜಿನ್ ಉಲ್ಟಾ ಐತ್ರಿ" ಎಂದು ಆಸಿಫ ತೀರ್ಪು ಕೊಟ್ಟ. "ಹಿಂಗ ಬಂದ ಮಾಲು. ಬದಲಿ ಮಾಡಬೇಕ್ರಿ."

ಬದಲಿ ಮಾಡುವುದಕ್ಕೆ ದಿನ ಎಲ್ಲಿದೆ? ನಾಳೆ ಸೋಮವಾರ. ಮುರಿಗೆವ್ವ ಹಲ್ಲು ಕಚ್ಚಿ ಕೂತಳು. ವಿಭೂತಿಯ ಕೆಳಗಿನ ಗುರುತು ಅವಳಿಗೆ ನೆನಪಾಗಲಿಲ್ಲ. ಹಿಡಿಕೆಯನ್ನು ಇನ್ನೊಂದು ಕಡೆ ತಿರುಗಿಸಿದರೂ ಆಗುತ್ತಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ.

"ದೋಣಿ ಹೊಳ್ಳಸ್ರಿ!"

"ಏನ್ರಿ?"

"ಇದರ ಕುಂಡಿ ಕೆರಿ ಕಡೆ ಮಾಡ್ರಿ, ಮಾರಿ ನಿಮ್ಮ ಕಡೆ. ಹಿಂದಕ ಹೋಗ್ತೈತಿ ಅಂದ್ರ ಹಿಂದಕ ಹೋಗಲಿ. ಕೆರಿ ನಡುವ ಹಿಂದಿನ ಬಾಗಲದಿಂದ ಹೋಗ್ತೇನಿ!"

ಹಾಗೆಯೇ ಆಯಿತು. ದೋಣಿ ಬೆನ್ನು ಮುಂದೆ ಮಾಡಿ ಹೊರಟಿತು. ಮುರಿಗೆವ್ವ ದಂಡೆಗೆ ಮುಖ ಮಾಡಿ ಕೂತಿದ್ದಳು. ಸಬೀರಾ, ಆಸಿಫ, ಸೋಮು, ಎಮ್ಮೆ, ಎಲ್ಲರೂ ಸಾಲಾಗಿ ನಿಂತು ಸಣ್ಣಗಾಗುತ್ತ ಹೋದರು. ಊರ ಮಂದಿಯೆಲ್ಲ ಮುಂದೆ ನೋಡುತ್ತ ಹೋಗುತ್ತಾರೆ. ಇವಳು ಬಿಟ್ಟು ಬಂದದ್ದನ್ನು ನೋಡುತ್ತ ಹೋದಳು.

ನಡುವೆ ಬಂತು. ಹಿಡಿಕೆ ನಿಲ್ಲಿಸಿದಳು. ಸಪ್ಪಳ ನಿಂತಿತು. ನೀರು ಮಾತ್ರ ರಬ್ಬರಿಗೆ ಪಟಪಟ ತಟ್ಟುತ್ತಿತ್ತು.

ಗಾಳ ನೀರಿಗೆ ಇಳಿಬಿಟ್ಟು, ಥರ್ಮಾಸು ತೆಗೆದು ಚಹಾ ಹಾಕಿದಳು. ಹಾಕಿ ನೋಡಿದರೆ ಎರಡು ಕಪ್ಪು ಆಗಿದ್ದವು. ಕೈಗೆ ರೂಢಿ.

"ನೋಡ್ರಿ, ಬಂದೇನಿ" ಎಂದಳು ಖಾಲಿ ಜಾಗಕ್ಕೆ. "ಹಿಂದ ಮುಂದಾಗಿ ಬಂದೇನಿ. ಬಂದದ್ದಂತೂ ಖರೆ."

ತನ್ನದು ಕುಡಿದಳು. ಸ್ವಲ್ಪ ಹೊತ್ತು ಕಾದಳು. ಇನ್ನೊಂದನ್ನೂ ಕುಡಿದಳು. ಚಹಾ ಚೆಲ್ಲುವ ಮನೆತನವಲ್ಲ. ಸೆರಗಿನಲ್ಲಿ ಬಾಯಿ ಒರೆಸಿದಳು, ಅದರಲ್ಲೇ ಕಣ್ಣೂ ಒರೆಸಿದಳು. ನಿನ್ನೆಯ ತೂತಿನೊಳಗಿಂದ ಬೆರಳು ಹೊರಗೆ ಬಂತು. ನಗು ಬಂತು.

ಅಷ್ಟರಲ್ಲಿ ಗಾಳದ ಕೋಲು ಎದ್ದು ನಿಂತಿತು!

ಅವಳು ಹಾರಿ ಹಿಡಿದಳು. ದಾರ ಸರ್ರನೆ ಹೋಯಿತು. ದೋಣಿ ಗಿರಕಿ ಹೊಡೆದು, ಮೂತಿ ಎತ್ತಿ, ಆ ದಿನ ಮೊದಲ ಸಲ ಮುಂದಕ್ಕೆ ಹೋಗತೊಡಗಿತು! ಮೋಟರಿನಿಂದ ಆಗದ ಕೆಲಸ ಮೀನಿನಿಂದ ಆಯಿತು.

"ಸಬೀರಾ! ಏ ಸಬೀರಾ! ನೋಡಬೇ!"

ದಂಡೆ ದೂರ. ಸೂರ್ಯ ಅವರ ಕಣ್ಣಿಗೆ. ಮುರಿಗೆವ್ವ ಎಳೆದಳು, ಮೀನು ಎಳೆಯಿತು. ರೊಟ್ಟಿ ಬಡಿದ ರಟ್ಟೆಯ ಕಸುವು ಎಷ್ಟು ಎಂದು ಕೊನೆಗೆ ಮೀನಿಗೂ ತಿಳಿಯಿತು. ದೋಣಿಯ ಬದಿಗೆ ಬಂತು. ಎರಡೂ ಕೈ ಹಾಕಿ, "ಶಿವಾ, ಮೀನ ಮುಟ್ಟಿದ ಪಾಪ ನಿನಗಿರಲಿ" ಎಂದು ಕಣ್ಣು ಮುಚ್ಚಿ ಎತ್ತಿದಳು. ಕಣ್ಣು ತೆರೆದಳು.

ಯಪ್ಪಾ!

ಒಂದು ಮೊಳ. ಮೊಳದ ಮೇಲೆ ನಾಲ್ಕು ಬಟ್ಟು, ನಾಲ್ಕು ಬೆರಳಿನಗಲ. ಬೆಳ್ಳಿ ತಂಬಿಗೆ ತಿಕ್ಕಿ ಇಟ್ಟ ಹಾಗೆ ಹೊಳೆಯುತ್ತಿತ್ತು. ಅವನು ಹೇಳುತ್ತಿದ್ದಂಥದ್ದೇ!

ತೂಗಬೇಕು! ಎಲ್ಲರಿಗೂ ಅಂಕಿ ತೋರಿಸಬೇಕು! ಕೊಕ್ಕೆ ತೆಗೆದು ಗುಂಡಿ ಒತ್ತಿದಳು. ಅಂಕಿ ಮೂಡಲಿಲ್ಲ. ಮತ್ತೆ ಒತ್ತಿದಳು. ಬಡಿದಳು. ಊದಿದಳು. ಆಮೇಲೆ ನೆನಪಾಯಿತು. ಸೆಲ್ಲು ಜೋರಾಪುರ ಪೇಟೆಯಲ್ಲಿ, ಟೀವಿ ರಿಮೋಟಿನಲ್ಲಿ, ಆರಾಮಾಗಿ ಇದ್ದವು.

ಮೀನು ಬಾಯಿ ತೆರೆದು ಮುಚ್ಚಿತು. ಮುರಿಗೆವ್ವನೂ ಹಾಗೇ ಮಾಡಿದಳು. ಮಾತಾಡಿಸಿದಂತಾಯಿತು. ಕೊಂಡಿ ಬಿಡಿಸಿ ನೀರಿಗೆ ಇಳಿಸಿದಳು. ಬಾಲ ಬಡಿದು ಅವಳ ಮುಖಕ್ಕೆಲ್ಲ ನೀರು ಸಿಡಿಸಿ ಹೋಯಿತು.

ಅವಳು ಕೂಗಿದ್ದನ್ನು ಕೇಳಿ ಮುಳುಗುತ್ತಿದ್ದಾಳೆ ಅಂದುಕೊಂಡ ಸೋಮು ತನ್ನ ಹರಿಗೋಲು ಹುಟ್ಟು ಹಾಕಿಕೊಂಡು ಏದುಸಿರು ಬಿಡುತ್ತ ಬಂದ. "ಏನಾತ್ರಿ ಅಮ್ಮಾರ?"

"ಮೀನ! ಮೀನ ಬಿದ್ದಿತ್ತು! ಇಷ್ಟ ಇತ್ತು!"

"ಎಲ್ಲೈತ್ರಿ?"

"ಬಿಟ್ಟೆ."

ಸೋಮು ತುಟಿ ಬಿಗಿಹಿಡಿದ. ತಡೆಯಲು ಆಗಲಿಲ್ಲ. "ಸಾವಕಾರ್ರೂ ಹಿಂಗೇ ಹೇಳ್ತಿದ್ರು ನೋಡ್ರಿ" ಎಂದು ಬಾಯಿಗೆ ಟವೆಲು ಒತ್ತಿಕೊಂಡ.

ದಂಡೆಗೆ ಬಂದಾಗ ಮೀನು ಒಂದೂಕಾಲು ಮೊಳ ಆಗಿತ್ತು. ಬಬಲೇಶ್ವರದಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ತಿನ್ನುವಾಗ ಒಂದೂವರೆ. ಜೋರಾಪುರ ಪೇಟೆಯ ತಿರುವಿಗೆ ಬರುವಷ್ಟರಲ್ಲಿ ಗಾಡಿಯಲ್ಲಿ ಮುರಿಗೆವ್ವನ ಕೈ ಅಗಲಿಸಲು ಜಾಗ ಸಾಲದೆ, ಆಸಿಫನ ಕಿವಿಗೆ ಎರಡು ಸಲ ಏಟು ಬಿತ್ತು.

ಮನೆಯಲ್ಲಿ ಶ್ರೀಶೈಲ ಕಾದಿದ್ದ. ಮೊದಲು ಮೂಗು ಮುಚ್ಚಿಕೊಂಡ.

"ವೈನಿ, ಇದೇನ್ರಿ ಮೀನಿನ ವಾಸನಿ?"

"ಅದನ್ನೇ ಹೇಳಾಕ ಬಂದೇನಿ! ಇಷ್ಟ ಇತ್ತು ನೋಡಪಾ! ಈ ಗ್ವಾಡಿಯಿಂದ..."

"ವಾಸನಿ ಸಣ್ಣ ಮೀನಿಂದೂ ಬರ್ತೈತ್ರಿ."

"ಸಣ್ಣದಲ್ಲೋ! ದೋಣಿ ಎಳಕೊಂಡ ಹೋತು! ಸಬೀರಾ, ನೀ ಹೇಳಬೇ!"

ಸಬೀರಾ ದುಪಟ್ಟಾದ ತುದಿ ಕಚ್ಚಿಕೊಂಡಿದ್ದಳು. ಎಷ್ಟೋ ವರ್ಷದಿಂದ ಪ್ರತಿ ಆಯಿತವಾರ ಸಂಜೆ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾದ ಮಾತು ತಾನಾಗಿ ಹೊರಗೆ ಬಂತು:

"ಅಕ್ಕಾ, ಮೀನ ಇತ್ತೋ ಮೊಸಳಿ ಇತ್ತೋ?"

ಮುರಿಗೆವ್ವ ಧಡಕ್ಕನೆ ಎದ್ದಳು. ಒಳಗೆ ಹೋದಳು. ರಿಮೋಟಿನ ಬೆನ್ನು ಕಿತ್ತು ಎರಡೂ ಸೆಲ್ಲು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು.

"ಶ್ರೀಶೈಲಪ್ಪಾ, ನಿಮ್ಮ ಆಫೀಸಿನಾಂವಗ ಬರಬ್ಯಾಡ ಅಂತ ಹೇಳು. ಸಾಮಾನ ಕೊಡಂಗಿಲ್ಲ."

"ಯಾಕ್ರಿ ವೈನಿ? ಮೊನ್ನೆ ಒಯ್ಯಲಿ ಅಂದಿದ್ರಲ್ರಿ?"

"ಮುಂದಿನ ಆಯ್ತಾರ ತೋರಸ್ತೇನಿ, ಬಾ!"

ಅಂದವಳು ಅಲ್ಲೇ ನಿಂತಳು. ಅದೇ ಮಾತು. ಅದೇ ದನಿ. ಕೈಗಳೂ ಅಷ್ಟೇ ಅಗಲಕ್ಕೆ ನಿಂತಿದ್ದವು. ಶ್ರೀಶೈಲ ಕೂಡ ಒಮ್ಮೆ ಬೆಚ್ಚಿ ಸುತ್ತ ನೋಡಿದ.

ಮುರಿಗೆವ್ವ ನಿಧಾನವಾಗಿ ಗೋಡೆಯ ಕಡೆ ತಿರುಗಿದಳು. ಮಾಲೆ ಹಾಕಿದ ಫೋಟೋದಲ್ಲಿ ಗುರಲಿಂಗಪ್ಪನ ಮೀಸೆ ಎಂದಿಗಿಂತ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು.

"ನಗಬ್ಯಾಡ್ರಿ" ಎಂದಳು. ಸೆಲ್ಲು ಎರಡನ್ನೂ ಫೋಟೋದ ಮುಂದೆ ಇಟ್ಟಳು. "ಆತು. ಒಪ್ಪಿದೆ. ನಿಮ್ಮದೂ ಖರೇನೇ ಇತ್ತು."

ಒಂದು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಆದ್ರ ನಂದು ನಾಕ ಬಟ್ಟ ಜಾಸ್ತಿ!"